ಒಟ್ಟು ಇಪ್ಪತ್ನಾಲ್ಕು ಮೀರಬಾರದು

ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ
ದಾರಿ ಕೇಳಬೇಕಿಲ್ಲ, ಮೂಗೇ ಕರೆದೊಯ್ಯುತ್ತದೆ:
ಬೆಂದ ಹುಳದ ವಾಸನೆ, ಸೌದೆಯ ಹೊಗೆ,
ಮೋರಿಯಲ್ಲಿ ಇನ್ನೂ ಹಬೆಯಾಡುವ ಕಂದು ನೀರು.

ನನ್ನ ಕೈಯಲ್ಲಿ ಸಂಸ್ಥೆಯ ಟ್ಯಾಬ್ಲೆಟ್ಟು,
ಕೊರಳಲ್ಲಿ ಗುರುತಿನ ಚೀಟಿ: ಸಂಶೋಧನಾ ಇಂಟರ್ನ್.
ಎಂ.ಎ. ಅರ್ಥಶಾಸ್ತ್ರ, ಮೂರನೇ ಸೆಮಿಸ್ಟರ್,
ಎಂಟು ವಾರ, ನೂರೈವತ್ತು ಮನೆ.
ವಿಷಯ, ಹೆಂಗಸರ ಕಾಲವಿನಿಯೋಗ.
ತರಬೇತಿಯಲ್ಲಿ ಹೇಳಿದ್ದರು,
ನಿನ್ನೆಯ ಜಾವ ನಾಲ್ಕರಿಂದ ಇವತ್ತಿನ ನಾಲ್ಕರವರೆಗೆ
ಅರ್ಧರ್ಧ ಗಂಟೆಯ ಲೆಕ್ಕ ಕೇಳಿ.
ಅಚ್ಚರಿ ತೋರಬೇಡಿ. ಉತ್ತರ ಬಾಯಿಗಿಡಬೇಡಿ.

ಮುನಿಲಕ್ಷ್ಮಮ್ಮ, ಮಾದರಿ ಸಂಖ್ಯೆ ನೂರ ಹದಿನೇಳು,
ಬೇಸನ್ನಿನ ಮುಂದಿನಿಂದ ಏಳದೆಯೇ ಒಪ್ಪಿದರು.
"ಕೇಳು. ಕೈ ನಿಲ್ಲಲ್ಲ, ಬಾಯಿ ಖಾಲಿ ಐತೆ."
ಬಿಸಿನೀರಲ್ಲಿ ಗೂಡುಗಳು ಉರುಳಾಡುತ್ತಿದ್ದವು.
ಬೆರಳ ತುದಿ ಬಿಳಿಚಿ, ಸುಕ್ಕಾಗಿ, ಸವೆದು
ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ಗುರುತಿಸುವುದಿಲ್ಲವಂತೆ.
ನನ್ನ ಕಣ್ಣಿಗೆ ಕಾಣದ ಎಳೆಯ ತುದಿ ಮಾತ್ರ
ಆ ಬೆರಳಿಗೆ ತಾನಾಗಿ ಬಂದು ಅಂಟುತ್ತಿತ್ತು.

ನಾಲ್ಕು ಗಂಟೆ: ನಲ್ಲೀಲಿ ನೀರು ಬಂತು, ಹಿಡಿದೆ.
ಅದೇ ಹೊತ್ತಿಗೆ ಒಲೆ ಹಚ್ಚಿದ್ದೆ.
ಅದೇ ಹೊತ್ತಿಗೆ ಅತ್ತೇನ ಬಚ್ಚಲಿಗೆ ಕರಕೊಂಡು ಹೋಗಿದ್ದೆ.
"ಮೂರರಲ್ಲಿ ಒಂದು ಹೇಳಿ" ಅಂದೆ.
"ಯಾವ ಒಂದು? ನೀರು ಕಾಯ್ತದಾ, ಅತ್ತೆ ಕಾಯ್ತಾಳಾ?"
ಮೂರನ್ನೂ ಒತ್ತಿದೆ.
ಏಳರಿಂದ ಇಲ್ಲಿ. ಮಧ್ಯಾಹ್ನ ಉಣ್ಣುತ್ತ
ಮೊಮ್ಮಗಳಿಗೆ ಹದಿಮೂರರ ಮಗ್ಗಿ.
ಅವಳಿಗೂ ಬರಲ್ಲ, ನಂಗೂ ಬರಲ್ಲ, ಇಬ್ಬರೂ ಕಲೀತಿದೀವಿ.
ಸಂಜೆ ಸಂಘದ ಮೀಟಿಂಗು, ಮಡಿಲಲ್ಲಿ ಅವರೆಕಾಯಿ,
ಕಂತು ಎಣಿಸುವ ಬಾಯಿ, ಸಿಪ್ಪೆ ಬಿಡಿಸುವ ಕೈ.

"ಸುಮ್ನೆ ಕೂತಿದ್ದು?" ಅದಕ್ಕೂ ಒಂದು ಕೋಡ್ ಇದೆ.
ಬಹಳ ಹೊತ್ತು ಯೋಚಿಸಿದರು.
"ಹೋದ ವರ್ಷ. ಜ್ವರ ಬಂದಿತ್ತಲ್ಲ, ಆಗ."

'ಸಲ್ಲಿಸು' ಒತ್ತಿದೆ. ಪರದೆ ಕೆಂಪಾಯಿತು.
ನಮೂದಿಸಿದ್ದು ಇಪ್ಪತ್ತೇಳೂವರೆ ಗಂಟೆ.
ಒಟ್ಟು ಇಪ್ಪತ್ನಾಲ್ಕು ಮೀರಬಾರದು.
ಮೂರೂವರೆ ತೆಗೆಯದ ಹೊರತು
ನೂರ ಹದಿನೆಂಟರ ಬಾಗಿಲು ತೆರೆಯದು.

"ಏನು, ಕೆಟ್ಟೋಯ್ತಾ?"
ಹೇಳಿದೆ. ಹೇಳಬಾರದಿತ್ತೇನೋ.
ನಕ್ಕರು. ಪಕ್ಕದ ಬೇಸನ್ನಿನ ಷಾಹಿದಾಬಿಗೂ ಹೇಳಿ ನಗಿಸಿದರು.
ಆಮೇಲೆ, ಚಿಲ್ಲರೆ ಬಿಟ್ಟುಕೊಡುವವರ ದನಿಯಲ್ಲಿ,
"ನಿದ್ದೇಲಿ ತಗೊ."

ನಾನು ಬೆರಳೆತ್ತಿ ಹಿಡಿದೇ ಇದ್ದೆ.
"ನೀಕೆಂತ ಇಸ್ತಾರಮ್ಮಾ?"
ದುಡ್ಡಿನ ಮಾತು ಬಂದರೆ ಇಲ್ಲಿ ನಾಲಿಗೆ ತೆಲುಗಿಗೆ ಹೊರಳುತ್ತದೆ.
ನಿನಗೆಷ್ಟು ಕೊಡ್ತಾರೆ.
ಸರ್ಟಿಫಿಕೇಟು, ಅಂದೆ.
ಬಸ್ಸು ಹೇಗೂ ಪುಕ್ಕಟೆ, ಅಂದೆ.
ಅನುಭವ ಆಗುತ್ತೆ, ಅಂತಲೂ ಅಂದೆ.

ಆಗ ಅವರ ಕೈ ನಿಂತಿತು. ಎಳೆ ಕಡಿಯಿತು.
"ಹಂಗಾದ್ರೆ ಕಾಸಿಲ್ದೆ ಮಾಡೋ ಕೆಲಸದ ಕಾಲಮ್ಮು ಅಂದ್ಯಲ್ಲ,
ಅದ್ರಾಗೆ ನಿನ್ನೆಸರೂ ಬರಕೊ."
ಮತ್ತೆ ತುದಿ ಹುಡುಕತೊಡಗಿದರು.
ಎಳೆ ಕಡಿಸಿದ್ದಕ್ಕೆ ತಪ್ಪಾಯ್ತು ಅಂದೆ.
ಅದಕ್ಕೆ ಕೋಡ್ ಇಲ್ಲ.

ಸಂಜೆ ವೈಜಯಂತಿ ಮೇಡಂ ಫೋನು:
ನೂರ ಹದಿನೇಳು ಯಾಕೆ ತಡ?
ತಾಳೆ ಆಗ್ತಿರಲಿಲ್ಲ ಮೇಡಂ, ಸರಿ ಮಾಡಿದೆ.
ಎಲ್ಲಿಂದ ತೆಗೆದೆ ಎಂದು ಅವರು ಕೇಳಲಿಲ್ಲ.
ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಹಾಸ್ಟೆಲಿನ ಕೋಣೆ. ಜೊತೆಯವಳ ಗೊರಕೆ.
ನಾಳೆಯೊಳಗೆ ಅಷ್ಟೂ ಮನೆಗಳ ಅಂಕಿ ಶುಚಿಯಾಗಬೇಕು.
ಟ್ಯಾಬ್ಲೆಟ್ಟಿನ ಮೂಲೆಗೆ ಒಂದು ಎಳೆ ಸುತ್ತಿದೆ,
ದೀಪಕ್ಕೆ ಹಿಡಿದರಷ್ಟೇ ಕಾಣುತ್ತದೆ.
ಈಗ ಎರಡೂವರೆ.
ಅಲ್ಲಿ ನೀರು ಬರಲು
ಇನ್ನು ಒಂದೂವರೆ ಗಂಟೆ.